ಅತ್ತೆ ಒಪ್ಪಿಸಿ ಹೋದ ಬಳ್ಳಿ

ಪ್ರಶ್ನೆ: ದಸರೆ ಮುಗಿಸಿಕೊಂಡು ನಮ್ಮತ್ತೆ ನಾದಿನಿಯ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದರು. ಹೋಗುವಾಗ ದೇವರ ದೀಪ, ಹಾಲಿನವನ ಲೆಕ್ಕದ ಜೊತೆಗೆ ಶೋಕೇಸ್ ಮೇಲಿಂದ ಇಳಿಬಿದ್ದಿದ್ದ ಮನಿ ಪ್ಲಾಂಟನ್ನೂ ನನಗೆ ಒಪ್ಪಿಸಿದರು. ಅವರು ಹನ್ನೆರಡು ವರ್ಷದಿಂದ ಸಾಕಿದ ಬಳ್ಳಿ. ಎಲ್ಲಿ ಒಣಗಿಸಿಬಿಡುತ್ತೇನೋ ಎಂಬ ಭಯಕ್ಕೆ ದಿನಾ ನೀರು ಹಾಕಿದೆ. ಎಲೆಗಳು ಒಂದೊಂದೇ ಹಳದಿಯಾಗಿ ಉದುರಿ ಈಗ ಹಗ್ಗದಂಥ ಮೂರು ಎಳೆ ಉಳಿದಿವೆ, ತುದಿಯಲ್ಲಿ ಮಾತ್ರ ನಾಲ್ಕೈದು ಎಲೆ. ಒಂದು ಎಲೆ ಕಿತ್ತು ನೀರಿಗೆ ಹಾಕಿದ್ದೆ. ಬೇರು ಬಂತು, ಎರಡು ತಿಂಗಳಾದರೂ ಚಿಗುರಿಲ್ಲ. ನರ್ಸರಿಯಾತ ಫೋಟೊ ನೋಡಿ ‘ಇದು ಮನಿ ಪ್ಲಾಂಟೇ ಅಲ್ಲ’ ಅಂದ. ಎಲೆ ತೆಳು, ಅಚ್ಚ ಹಸಿರು. ಹೊಸ ಎಲೆ ಬರುವಾಗ ಸಿಪ್ಪೆಯಂಥದ್ದೊಂದು ಸುತ್ತಿಕೊಂಡಿರುತ್ತದೆ. ಭಾನುವಾರದ ವಿಡಿಯೊ ಕಾಲ್‌ನಲ್ಲಿ ಅತ್ತೆ ‘ಬಳ್ಳಿ ತೋರ್ಸೇ’ ಅಂದಾಗಲೆಲ್ಲ ನೆಟ್‌ವರ್ಕ್ ಸರಿ ಇಲ್ಲ ಅನ್ನುತ್ತೇನೆ. ಯುಗಾದಿಗೆ ಬರುತ್ತಾರೆ. ಹೊಸದೊಂದು ತಂದು ಅದೇ ಜಾಗದಲ್ಲಿ ಇಟ್ಟುಬಿಡಲೇ?
– ಹೆಸರು ಬೇಡ, ಮೈಸೂರು

ಉತ್ತರ: ಇಡಬೇಡಿ. ಬಾಗಿಲಲ್ಲೇ ಸಿಕ್ಕಿಬೀಳುತ್ತೀರಿ.

ನರ್ಸರಿಯಾತ ಹೇಳಿದ್ದು ನಿಜ. ನಿಮ್ಮತ್ತೆಯದು ಫಿಲೊಡೆಂಡ್ರಾನ್. ಗುಟ್ಟು ಬಿಟ್ಟುಕೊಟ್ಟದ್ದು ನೀವು ಬರೆದ ಆ ಸಿಪ್ಪೆ. ಫಿಲೊಡೆಂಡ್ರಾನಿನ ಎಳೆಯ ಎಲೆ ತೆಳ್ಳನೆಯ ಪೊರೆಯೊಳಗಿಂದ ಹೊರಬರುತ್ತದೆ, ಆಮೇಲೆ ಆ ಪೊರೆ ಕಾಗದದಂತೆ ಒಣಗಿ ಬೀಳುತ್ತದೆ. ಮನಿ ಪ್ಲಾಂಟಿಗೆ ಅಂಥ ಹೊದಿಕೆ ಇಲ್ಲ. ಅದರ ಎಲೆ ಸುರುಳಿ ಬಿಚ್ಚಿಕೊಂಡು ನೇರ ಬರುತ್ತದೆ. ಇನ್ನೂ ಸಂಶಯವಿದ್ದರೆ ಎಲೆಯ ತೊಟ್ಟನ್ನು ಬೆರಳಲ್ಲಿ ಸವರಿ. ಮನಿ ಪ್ಲಾಂಟಿನ ತೊಟ್ಟಿನ ಮೇಲುಗಡೆ ಕಾಲುವೆಯಂಥ ಗೆರೆ ಸಿಗುತ್ತದೆ, ನಿಮ್ಮದರ ತೊಟ್ಟು ಹೆಚ್ಚುಕಡಿಮೆ ದುಂಡಗಿರುತ್ತದೆ. ಮನಿ ಪ್ಲಾಂಟಿನ ಎಲೆ ದಪ್ಪ, ಮೇಣ ಸವರಿದ ಹಾಗೆ, ಸಾಮಾನ್ಯವಾಗಿ ಹಳದಿ ಚಿಮುಕಿಸಿದಂತಿರುತ್ತದೆ. ಅದು ತಾಹಿತಿ ಪಕ್ಕದ ಮೊರೆಯಾ ದ್ವೀಪದ್ದು, ನಿಮ್ಮ ಬಳ್ಳಿಯ ತವರು ಮಧ್ಯ ಅಮೆರಿಕ, ಕೆರಿಬಿಯನ್ ಕಡೆಯ ಕಾಡು. ಹನ್ನೆರಡು ವರ್ಷ ಎಲೆ ಒರೆಸಿದ ಕೈಗೆ ಈ ವ್ಯತ್ಯಾಸ ತಿಳಿಯದೆ ಹೋಗುತ್ತದೆಯೇ? ಅವರು ಅದನ್ನು ಮನಿ ಪ್ಲಾಂಟ್ ಎನ್ನುವುದರಲ್ಲಿ ತಪ್ಪೇನೂ ಇಲ್ಲ ಬಿಡಿ. ನಮ್ಮಲ್ಲಿ ಮನೆಯೊಳಗೆ ಇಳಿಬೀಳುವ ಬಳ್ಳಿಗೆಲ್ಲ ಅದೇ ಹೆಸರು. ಕೆಲವು ನರ್ಸರಿಗಳಲ್ಲಿ ಇದನ್ನೇ ಆಕ್ಸಿಕಾರ್ಡಿಯಂ ಎಂದು ಮಾರುತ್ತಾರೆ.

ಇನ್ನು ಚಿಗುರದ ಎಲೆಯ ವಿಚಾರ. ಬ್ರಹ್ಮಕಮಲದ ‘ಎಲೆ’ ಊರಿದರೆ ಗಿಡ ಬರುತ್ತದೆ, ಕಾಡುಬಸಳೆಯ ಎಲೆ ಮಣ್ಣಿಗೆ ಬಿದ್ದರೆ ಅಂಚಿನಲ್ಲೆಲ್ಲ ಮರಿಗಳೇಳುತ್ತವೆ. ಅದನ್ನು ನೋಡಿ ನೋಡಿ ಎಲ್ಲ ಎಲೆಯೂ ಹಾಗೇ ಎಂದುಕೊಂಡಿದ್ದೇವೆ. ಬ್ರಹ್ಮಕಮಲದ ಆ ಎಲೆ ಎಲೆಯೇ ಅಲ್ಲ, ಚಪ್ಪಟೆಯಾದ ಕಾಂಡ. ನಿಮ್ಮ ಬಳ್ಳಿಯಲ್ಲಿ ಚಿಗುರುವ ಕಣ್ಣು ಇರುವುದು ಗೆಣ್ಣಿನಲ್ಲಿ. ಪಕ್ಕದ ಮಂಡ್ಯದ ಕಬ್ಬಿನ ರೈತರನ್ನು ಕೇಳಿ, ಕಣ್ಣಿಲ್ಲದ ತುಂಡನ್ನು ಯಾರೂ ಬಿತ್ತುವುದಿಲ್ಲ. ತೊಟ್ಟಿನ ಬುಡದಲ್ಲಿ ಬೇರು ಬರಬಹುದು, ಆದರೆ ಚಿಗುರು ಹೊರಡಲು ಅಲ್ಲಿ ಕಣ್ಣೇ ಇಲ್ಲ.

ಈಗ ಆ ಬೋಳು ಹಗ್ಗಗಳನ್ನು ಹತ್ತಿರದಿಂದ ನೋಡಿ. ಎಲೆ ಉದುರಿದ ಕಡೆಯಲ್ಲೆಲ್ಲ ಒಂದೊಂದು ಉಂಗುರದ ಗುರುತಿದೆಯಲ್ಲ, ಅವೇ ಗೆಣ್ಣುಗಳು. ಉಗುರಿನಿಂದ ಮೆಲ್ಲಗೆ ಕೆರೆದರೆ ಒಳಗೆ ಹಸಿರು ಕಂಡೀತು. ಕಂಡರೆ ನಿಮ್ಮ ಕೈಯಲ್ಲಿರುವುದು ಹಾಳಾದ ಬಳ್ಳಿಯಲ್ಲ, ಮೂರು ಎಳೆ ಬಿತ್ತನೆ.

ತುದಿಯ ಎಲೆಗಳಿರುವ ಭಾಗವನ್ನು ಎರಡು ಮೂರು ಗೆಣ್ಣು ಬರುವಂತೆ, ಕೆಳಗಿನ ಗೆಣ್ಣಿಗಿಂತ ಬೆರಳಗಲ ಕೆಳಗೆ ಕತ್ತರಿಸಿ. ಕೆಳಗಿನ ಎಲೆ ತೆಗೆದು, ಆ ಗೆಣ್ಣು ಮುಳುಗುವಂತೆ ಬಾಟಲಿಯ ನೀರಿನಲ್ಲಿಡಿ. ಎಲೆ ನೀರಿಗೆ ತಾಗದಿರಲಿ. ಬಿಸಿಲು ನೇರ ಬೀಳದ, ಆದರೆ ಚೆನ್ನಾಗಿ ಬೆಳಕಿರುವ ಕಿಟಕಿ ಬೇಕು. ನಾಲ್ಕು ದಿನಕ್ಕೊಮ್ಮೆ ನೀರು ಚೆಲ್ಲಿ ಬಾಟಲಿ ಉಜ್ಜಿ ತೊಳೆಯಿರಿ, ಇಲ್ಲವಾದರೆ ಬಳ್ಳಿಗಿಂತ ಮೊದಲು ಸೊಳ್ಳೆ ಮರಿ ಮಾಡುತ್ತದೆ. ಬೇರು ಎರಡು ಅಂಗುಲವಾದ ಕೂಡಲೇ ಮಣ್ಣಿಗೆ ಹಾಕಿ. ತಿಂಗಳುಗಟ್ಟಲೆ ನೀರಲ್ಲೇ ಬೆಳೆದ ಬೇರಿಗೆ ಮಣ್ಣು ಬೇಗ ಒಗ್ಗುವುದಿಲ್ಲ. ಬೋಳು ಭಾಗವನ್ನು ಒಂದೆರಡು ಗೆಣ್ಣಿನ ತುಂಡುಗಳಾಗಿ ಕತ್ತರಿಸಿ, ತೇವದ ತೆಂಗಿನ ನಾರಿನ ಪುಡಿಯ ಮೇಲೆ ಮಲಗಿಸಿ, ಅರ್ಧ ಹುದುಗಿಸಿ. ಇವು ನಿಧಾನ, ಅದರಲ್ಲೂ ಚಳಿ ಪೂರ್ತಿ ಹೋಗುವವರೆಗೆ. ಕೆಲವು ಕೊಳೆತೂ ಹೋಗುತ್ತವೆ, ಅದಕ್ಕೇ ಹೆಚ್ಚು ತುಂಡು ಹಾಕುವುದು. ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ. ಇದು ಕೆಸು, ಸುವರ್ಣಗಡ್ಡೆಯ ಬಳಗ, ರಸ ತಾಗಿದರೆ ತುರಿಸುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳೋ ಬೆಕ್ಕೋ ಇದ್ದರೆ ಬಾಯಿಗೆ ಸಿಗದಂತಿಡಿ.

ಹಳೆಯ ಕುಂಡವನ್ನು ಮಗುಚಿ ನೋಡಿ. ಬೇರು ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಮಣ್ಣು ಸಮೇತ ಎಸೆಯಿರಿ. ದಿನಾ ಹಾಕಿದ ನೀರು ಮಾಡಿದ ಕೆಲಸ ಅದು. ಮಣ್ಣು ಸದಾ ಒದ್ದೆಯಾಗಿದ್ದರೆ ಬೇರಿಗೆ ಗಾಳಿ ಸಿಗುವುದಿಲ್ಲ. ಇನ್ನು ಮುಂದೆ ಬೆರಳು ಊರಿ ನೋಡಿ, ಮೇಲಿನ ಅಂಗುಲ ಒಣಗಿದ್ದರೆ ಮಾತ್ರ ನೀರು. ಹೊಸ ಕುಂಡಕ್ಕೆ ಐದಾರು ತುಂಡು ಒಟ್ಟಿಗೆ ನೆಟ್ಟರೆ ತುಂಬಿಕೊಂಡು ಬರುತ್ತದೆ.

ಅತ್ತೆಗೆ ಏನು ಹೇಳುವುದು ಎಂಬುದೇ ನಿಮ್ಮ ನಿಜವಾದ ಪ್ರಶ್ನೆ ಅಂತ ನನಗನ್ನಿಸಿತು. ಬರುವ ಭಾನುವಾರ ನೆಟ್‌ವರ್ಕ್ ಸರಿಮಾಡಿಕೊಳ್ಳಿ. ‘ಅತ್ತೆ, ನೀರು ಜಾಸ್ತಿ ಹಾಕಿ ಕೊಳೆಸಿಬಿಟ್ಟೆ, ಈಗ ತುಂಡು ಮಾಡಿ ಇಟ್ಟಿದೀನಿ, ಯಾವುದನ್ನ ಕುಂಡಕ್ಕೆ ಹಾಕ್ಲಿ?’ ಎಂದು ಬಾಟಲಿಗಳನ್ನು ಸಾಲಾಗಿ ತೋರಿಸಿ. ಮೊದಲು ನಾಲ್ಕು ಮಾತು ಬೈಯಬಹುದು, ಕೇಳಿಸಿಕೊಳ್ಳಿ. ಆಮೇಲೆ ಅಲ್ಲಿಂದಲೇ ಕುಂಡ ಆ ಕಡೆ ಇಡು, ಈ ಕಡೆ ಇಡು ಎಂದು ಶುರುಮಾಡುತ್ತಾರೆ. ಮಗಳ ಮನೆಯಲ್ಲಿ ಹೊರಗೆಲ್ಲ ಚಳಿ, ಒಳಗೆ ಕೂಸಿನ ಅಳು. ಅವರಿಗೂ ಮೈಸೂರಿನ ಹಾಲ್‌ನಲ್ಲಿ ಒಂದು ಕೆಲಸ ಸಿಕ್ಕಂತಾಗುತ್ತದೆ. ಯುಗಾದಿ ಹೊತ್ತಿಗೆ ಶೋಕೇಸ್‌ನಿಂದ ಇಳಿಬೀಳುವಷ್ಟು ಉದ್ದವೇನೂ ಆಗಿರುವುದಿಲ್ಲ, ಅದನ್ನೂ ಈಗಲೇ ಹೇಳಿಬಿಡಿ.

ಆ ಒಂಟಿ ಎಲೆಯನ್ನು ಎಸೆಯಬೇಕಿಲ್ಲ. ನೀರು ಬದಲಿಸುತ್ತಿದ್ದರೆ ಇನ್ನೂ ಬಹಳ ದಿನ ಹಸಿರಾಗಿಯೇ ಇರುತ್ತದೆ. ಅಡುಗೆಮನೆ ಕಿಟಕಿಯಲ್ಲಿ ಇಟ್ಟುಕೊಳ್ಳಿ.