ಯಾವ ಜೈಲು ಎಂದು ಕೇಳುವ ಮೊದಲು

ಪೊಲೀಸರು ಕರೆದೊಯ್ದ ವ್ಯಕ್ತಿ ಎಲ್ಲಿದ್ದಾನೆ ಎಂಬುದನ್ನು ತಿಳಿಯಲು ಜೈಲಿನಿಂದ ಹುಡುಕಾಟ ಶುರುಮಾಡುವುದು ರಾಮನಗರ ಸೀಮೆಯಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು. ಬಂಧಿಸಿದವರನ್ನು ಪೊಲೀಸರು ನೇರವಾಗಿ ಜೈಲಿಗೆ ಒಯ್ಯುವಂತಿಲ್ಲ. ನ್ಯಾಯಾಧೀಶರು ಸಹಿ ಮಾಡಿದ ವಾರಂಟ್ ಇಲ್ಲದೆ ಜೈಲಿನವರು ಯಾರನ್ನೂ ಒಳಗೆ ಸೇರಿಸಿಕೊಳ್ಳುವುದಿಲ್ಲ. ಈ ಲೇಖಕನ ನೆಂಟರೊಬ್ಬರು ಕನಕಪುರದ ಕಡೆಯಿಂದ ಬಂದು ರಾಮನಗರದ ಕಾರಾಗೃಹದ ಮುಂದೆ ಅರ್ಧ ದಿನ ನಿಂತಿದ್ದರು. ಅವರು ಹುಡುಕುತ್ತಿದ್ದ ಹುಡುಗ ಆ ಹೊತ್ತಿನಲ್ಲಿ ಅವರದೇ ಊರಿನ ಸ್ಟೇಷನ್‌ನಲ್ಲೇ ಇದ್ದ.

ಮೊದಲು ಗೊತ್ತಾಗಬೇಕಾದದ್ದು ಠಾಣೆ. ರಾಮನಗರ ತಾಲ್ಲೂಕಿನಲ್ಲಿ ಐಜೂರು, ಬಿಡದಿ, ಚನ್ನಪಟ್ಟಣದಲ್ಲಿ ಅಕ್ಕೂರು, ಕನಕಪುರದ ಕಡೆ ಸಾತನೂರು, ಕೋಡಿಹಳ್ಳಿ, ಮಾಗಡಿಯ ಕಡೆ ಕುದೂರು ಹೀಗೆ ಪಟ್ಟಣದ ಠಾಣೆಗಳಲ್ಲದೆ ಹಳ್ಳಿಗಾಡಿನ ಠಾಣೆಗಳೂ ಇವೆ. ಮನೆ ಯಾವ ಠಾಣೆಯ ವ್ಯಾಪ್ತಿಯಲ್ಲಿದೆ ಎಂಬುದಕ್ಕಿಂತ ದೂರು ಎಲ್ಲಿ ದಾಖಲಾಗಿದೆ ಎಂಬುದು ಮುಖ್ಯ. ಕುದೂರಿನವನ ಮೇಲೆ ಬೆಂಗಳೂರಿನ ಠಾಣೆಯಲ್ಲಿ ಕೇಸಿದ್ದರೆ ಕುದೂರಿನ ಪೊಲೀಸರಿಗೆ ಹೇಳಲು ಏನೂ ಇರದಿರಬಹುದು.

'ವಿಚಾರಣೆಗೆ ಕರೆದುಕೊಂಡು ಹೋಗಿದ್ದಾರೆ' ಎಂಬ ಮಾತು ಮನೆಯವರನ್ನು ಹೆಚ್ಚು ಹೊತ್ತು ಸುಮ್ಮನಿರಿಸುತ್ತದೆ. ಬಂಧನ ಬೇಕಿಲ್ಲದ ಪ್ರಕರಣದಲ್ಲಿ ಆರೋಪಿಯನ್ನು ಕರೆಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಕಲಂ ಪ್ರಕಾರ ನೋಟಿಸ್ ಕೊಡಬೇಕು. ಬಂಧಿಸಿದ್ದರೆ 36ನೇ ಕಲಂ ಪ್ರಕಾರ ಬಂಧನದ ಮೆಮೊ ಬರೆಯಬೇಕು. ಅದಕ್ಕೆ ಮನೆಯವರೊಬ್ಬರು ಇಲ್ಲವೇ ಆ ಸ್ಥಳದ ಗೌರವಸ್ಥರೊಬ್ಬರು ಸಾಕ್ಷಿಯಾಗಿ ಸಹಿ ಮಾಡಬೇಕು, ಬಂಧಿತನ ಸಹಿಯೂ ಇರಬೇಕು. 48ನೇ ಕಲಂ ಪ್ರಕಾರ ಬಂಧುಗಳಿಗೋ ಸ್ನೇಹಿತರಿಗೋ ವಿಷಯ ತಿಳಿಸಿ, ತಿಳಿಸಿದ್ದನ್ನು ಠಾಣೆಯ ಪುಸ್ತಕದಲ್ಲಿ ಬರೆದಿಡಬೇಕು. ನೋಟಿಸೂ ಇಲ್ಲ, ಮೆಮೊನೂ ಇಲ್ಲ ಎಂದಾದರೆ ಅದನ್ನು ವಿಚಾರಣೆ ಎನ್ನಲಾಗದು. 1996ರ ಡಿಸೆಂಬರ್‌ನಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ನಿಯಮಗಳೇ ಮುಂದೆ ಕಾನೂನಿನ ಕಲಂಗಳಾಗಿವೆ. ಈ ಸಂಹಿತೆ ಜಾರಿಯಾದದ್ದು 2024ರ ಜುಲೈ 1ರಂದು.

ಬಂಧಿತರ ಹೆಸರು, ವಿಳಾಸ, ಅಪರಾಧದ ಸ್ವರೂಪವನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಪ್ರದರ್ಶಿಸಬೇಕೆಂದು 37ನೇ ಕಲಂ ಹೇಳುತ್ತದೆ. ಇದಕ್ಕಾಗಿ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೊಬ್ಬರು ಇರಬೇಕು. ಠಾಣೆಯಲ್ಲಿ 'ನಮಗೆ ಗೊತ್ತಿಲ್ಲ' ಎಂದರೆ ಜಿಲ್ಲಾ ಪೊಲೀಸ್ ಕಂಟ್ರೋಲ್ ರೂಮಿನಲ್ಲಿ ವಿಚಾರಿಸಬಹುದು. ಕೂಗಾಡುವುದಕ್ಕಿಂತ 37ನೇ ಕಲಮಿನ ಮಾಹಿತಿ ಬೇಕು ಎಂದು ಒಂದು ಹಾಳೆಯಲ್ಲಿ ಬರೆದು, ಸ್ವೀಕೃತಿ ಕೇಳುವುದೇ ಹೆಚ್ಚು ಕೆಲಸ ಮಾಡುತ್ತದೆ.

ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಬಂಧಿತನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸಂವಿಧಾನದ 22ನೇ ವಿಧಿಯ ಮಾತು ಇದು. ರಜೆಯ ದಿನವಾದರೆ ನ್ಯಾಯಾಧೀಶರ ಮನೆಯಲ್ಲೂ ಹಾಜರುಪಡಿಸುತ್ತಾರೆ. ಭಾನುವಾರ ಕೋರ್ಟಿನ ಬಾಗಿಲು ಹಾಕಿದ್ದನ್ನು ಕಂಡು ವಾಪಸಾದವರು ಇದನ್ನು ಆಮೇಲೆ ತಿಳಿದುಕೊಳ್ಳುತ್ತಾರೆ. ಇಲ್ಲಿಂದ ಮುಂದೆ ಎಲ್ಲಕ್ಕೂ ಕೀಲಿ ಎಂದರೆ ಎಫ್‌ಐಆರ್‌ನ ಸಂಖ್ಯೆ, ಅಂದರೆ ಠಾಣೆಯವರೂ ವಕೀಲರೂ ಹೇಳುವ 'ಕ್ರೈಂ ನಂಬರ್'. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ವೆಬ್‌ಸೈಟಿಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ. ಕ್ರೈಂ ನಂಬರ್, ವರ್ಷ, ಠಾಣೆ ಮೂರೂ ಇದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಕೇಸನ್ನು ಹುಡುಕಬಹುದು.

ನ್ಯಾಯಾಧೀಶರು ರಿಮಾಂಡ್ ಮಾಡಿದರೆ ಅದು ಯಾವ ಬಗೆಯದು ಎಂದು ಕೇಳಿಕೊಳ್ಳಬೇಕು. ಪೊಲೀಸ್ ಕಸ್ಟಡಿಯಾದರೆ ವ್ಯಕ್ತಿ ಮತ್ತೆ ಠಾಣೆಗೇ ಹೋಗುತ್ತಾನೆ. ನ್ಯಾಯಾಂಗ ಬಂಧನವಾದರೆ ಜೈಲಿಗೆ. ಹೊಸ ಸಂಹಿತೆಯಲ್ಲಿ ಪೊಲೀಸ್ ಕಸ್ಟಡಿಯ 15 ದಿನಗಳನ್ನು ಕಂತು ಕಂತಾಗಿ ಕೇಳಲು ಅವಕಾಶವಿರುವುದರಿಂದ, ಜೈಲಿನಲ್ಲಿ ನೋಡಿ ಬಂದವನು ವಾರದ ನಂತರ ಅಲ್ಲಿಲ್ಲದಿರಬಹುದು. ಹದಿನೆಂಟು ತುಂಬದವರಾದರೆ ದಾರಿಯೇ ಬೇರೆ. ಅವರನ್ನು ಲಾಕಪ್ಪಿಗೂ ಜೈಲಿಗೂ ಹಾಕುವಂತಿಲ್ಲ. ಬಾಲ ನ್ಯಾಯ ಮಂಡಳಿಯಲ್ಲಿ ವಿಚಾರಿಸಬೇಕು.

ಯಾವ ಜೈಲು ಎಂಬುದು ವಾರಂಟಿನಲ್ಲೇ ಬರೆದಿರುತ್ತದೆ. ಜಿಲ್ಲಾ ಕಾರಾಗೃಹ ರಾಮನಗರದಲ್ಲಿದೆ. ಆದರೆ ಅಲ್ಲಿಗೇ ಕಳಿಸಿದ್ದಾರೆ, ಅಲ್ಲಿಯೇ ಇದ್ದಾನೆ ಎಂದು ನಂಬಿ ಕೂರುವಂತಿಲ್ಲ. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಪಾದರಾಯನಪುರ ಗಲಾಟೆಯ ಆರೋಪಿಗಳನ್ನು ತಂದು ಇರಿಸಲು ರಾಮನಗರ ಜೈಲಿನಲ್ಲಿದ್ದವರನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಲಾಯಿತು. ಬಂದವರಲ್ಲಿ ಕೆಲವರಿಗೆ ಕೋವಿಡ್ ಕಾಣಿಸಿದ ಮೇಲೆ ಅವರನ್ನೂ ಕೆಲವೇ ದಿನಗಳಲ್ಲಿ ಬೆಂಗಳೂರಿಗೆ ವಾಪಸ್ ಒಯ್ದರು. ಹಳೆಯ ವಿಳಾಸ ನಂಬಿದವರು ವಾರದೊಳಗೆ ಎರಡು ಸಲ ಎಡವಬೇಕಾದ ಪರಿಸ್ಥಿತಿ.

ಇ-ಪ್ರಿಸನ್ಸ್ ವ್ಯವಸ್ಥೆಯ ಇ-ಮುಲಾಖಾತ್‌ನಲ್ಲಿ ಭೇಟಿಗೆ ಅರ್ಜಿ ಹಾಕಬಹುದು. ಅಲ್ಲಿ ತೊಡಕಾಗುವುದು ಹೆಸರು. ಮಾಗಡಿ ಸೀಮೆಯಲ್ಲಿ ಕೆಂಪೇಗೌಡರಿಗೆ ಬರವಿಲ್ಲ. ಇಂಗ್ಲಿಷಿನಲ್ಲಿ ಅದನ್ನು ಒಂದೇ ಪದವಾಗಿಯೂ ಎರಡಾಗಿ ಒಡೆದೂ ಬರೆಯುತ್ತಾರೆ. ಮನೆಯಲ್ಲಿ ಕರೆಯುವ ಹೆಸರು, ಆಧಾರ್‌ನ ಹೆಸರು, ಎಫ್‌ಐಆರ್‌ನಲ್ಲಿ 'ಅಲಿಯಾಸ್' ಸೇರಿದ ಹೆಸರು ಮೂರೂ ಬೇರೆ ಇದ್ದರೆ ತಂದೆಯ ಹೆಸರು, ವಯಸ್ಸು, ಕ್ರೈಂ ನಂಬರುಗಳೇ ಗತಿ. ಜಿಲ್ಲೆಯ ಹೆಸರಿನಲ್ಲೂ ಗೊಂದಲವಿದೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಹುಡುಕುವಾಗ ಎರಡೂ ಹೆಸರನ್ನು ನೋಡಬೇಕು.

ಎಲ್ಲಿಯೂ ದಾಖಲೆ ಸಿಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ, ಇಲ್ಲವೇ 15100ಕ್ಕೆ ಕರೆ ಮಾಡಬಹುದು. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವಿನ ಹಕ್ಕಿದೆ. ಅಕ್ರಮವಾಗಿ ಕೂಡಿಹಾಕಿದ್ದಾರೆಂಬ ಅನುಮಾನ ಬಲವಾದರೆ ನಾಗರಿಕ ಸುರಕ್ಷಾ ಸಂಹಿತೆಯ 100ನೇ ಕಲಂ ಪ್ರಕಾರ ಶೋಧನಾ ವಾರಂಟಿಗೆ ಮ್ಯಾಜಿಸ್ಟ್ರೇಟರನ್ನು ಕೋರಬಹುದು, ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ಕೊನೆಯ ಸಲ ಕಂಡ ಹೊತ್ತು, ಕರೆದೊಯ್ದ ವಾಹನ, ಯಾವ ಠಾಣೆಯಲ್ಲಿ ಯಾರು ಎಷ್ಟು ಗಂಟೆಗೆ 'ಇಲ್ಲಿಲ್ಲ' ಎಂದರು ಎಂಬುದನ್ನು ಅಲ್ಲಿ ಕೇಳುತ್ತಾರೆ. ಆ ನೆಂಟರ ಬಳಿ ಇದಾವುದೂ ಬರೆದಿಟ್ಟಿರಲಿಲ್ಲ. ಮೂರನೆಯ ದಿನ ವಕೀಲರ ಮುಂದೆ ಕೂತು, ಬಸ್ ಟಿಕೆಟಿನ ಮೇಲಿನ ಸಮಯ ನೋಡಿ ಒಂದೊಂದೇ ನೆನಪಿಸಿಕೊಳ್ಳಬೇಕಾಯಿತು.