ಹಳೆಯ ಲ್ಯಾಪ್‌ಟಾಪ್‌ನಲ್ಲಿ ಶೇಕಡ 100 ಎಂದರೆ ಎಷ್ಟು?

ಮಕ್ಕಳೇ, ಕಾಲೇಜು ಸೇರಿದ ಅಕ್ಕನಿಗೋ ಅಣ್ಣನಿಗೋ ಲ್ಯಾಪ್‌ಟಾಪ್ ಬೇಕಾಗುತ್ತದೆ. ಹೊಸದಕ್ಕೆ ಹಣ ಸಾಲದಿದ್ದರೆ ಮನೆಯವರು ಬಳಸಿದ ಲ್ಯಾಪ್‌ಟಾಪ್ ಹುಡುಕುತ್ತಾರೆ. ಡೇರಿಗೆ ಹಾಲು ಹಾಕಿ, ಚೀಟಿ ಕಟ್ಟಿ ಕೂಡಿಸಿದ ಹಣ ಅದು. ಅಂಗಡಿಯವರು ಲ್ಯಾಪ್‌ಟಾಪ್ ಆನ್ ಮಾಡಿ, "ನೋಡಿ, ಬ್ಯಾಟರಿ ಶೇಕಡ 100 ಇದೆ" ಎನ್ನುತ್ತಾರೆ. ಪರದೆಯ ಮೇಲೂ ಹಾಗೆಯೇ ಇರುತ್ತದೆ. ಆದರೂ ಮನೆಗೆ ತಂದ ಮೇಲೆ, ಕರೆಂಟ್ ಹೋದ ಅರ್ಧ ಗಂಟೆಗೇ ಅದು ಆರಿಹೋಗಬಹುದು! ಹಾಗಾದರೆ ಆ 100 ಸುಳ್ಳೆ? ಸುಳ್ಳಲ್ಲ. ಅದು ಯಾವುದರ 100 ಎಂದು ನಾವು ಕೇಳಬೇಕು, ಅಷ್ಟೆ.

ಹೂಳು ತುಂಬಿದ ಕೆರೆ

ಒಳ್ಳೆಯ ಮಳೆಯಾದಾಗ ಕೆರೆ ತುಂಬಿ ಕೋಡಿ ಹರಿಯುತ್ತದೆ. ತಳದಲ್ಲಿ ಹೂಳು ತುಂಬಿದ್ದರೂ ಕೋಡಿ ಹರಿಯುತ್ತದೆ, ಅಲ್ಲವೆ? ಆದರೆ ಆಗ ಕೆರೆಯಲ್ಲಿರುವ ನೀರು ಮೊದಲಿನಷ್ಟಲ್ಲ. ಬೇಸಿಗೆ ಬಂದಾಗ ಅದು ಬೇಗ ಬತ್ತುತ್ತದೆ.

ಹಳೆಯ ಬ್ಯಾಟರಿಯೂ ಹೀಗೆಯೇ. ಅದು ಈಗ ಎಷ್ಟು ಹಿಡಿಯಬಲ್ಲದೋ ಅದರಲ್ಲಿ ಶೇಕಡ ಎಷ್ಟು ತುಂಬಿದೆ ಎಂಬುದನ್ನು ಮಾತ್ರ ಪರದೆ ತೋರಿಸುತ್ತದೆ. ಹೊಸದಾಗಿದ್ದಾಗ ಎಷ್ಟು ಹಿಡಿಯುತ್ತಿತ್ತು ಎಂಬುದು ಅಲ್ಲಿ ಕಾಣುವುದಿಲ್ಲ.

ಬ್ಯಾಟರಿ ಏಕೆ ಸವೆಯುತ್ತದೆ?

ಈಗಿನ ಲ್ಯಾಪ್‌ಟಾಪ್‌ಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. 1991ರಲ್ಲಿ ಜಪಾನಿನ ಸೋನಿ ಕಂಪನಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಇದನ್ನು ರೂಪಿಸಿದ ಜಾನ್ ಗುಡ್‌ಇನಫ್, ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಬಂದಿತು.

ಬ್ಯಾಟರಿಯ ಒಂದು ಧ್ರುವದಲ್ಲಿ ಲೋಹದ ಆಕ್ಸೈಡ್, ಇನ್ನೊಂದರಲ್ಲಿ ಗ್ರಾಫೈಟ್ ಇರುತ್ತದೆ. ನಿಮ್ಮ ಪೆನ್ಸಿಲಿನ ಕಡ್ಡಿಯಲ್ಲಿರುವುದೂ ಗ್ರಾಫೈಟೇ! ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಆಕ್ಸೈಡಿನಿಂದ ಹೊರಟು ಗ್ರಾಫೈಟಿನ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಬಳಸುವಾಗ ಹಿಂದಿರುಗುತ್ತವೆ. ಕಾಲ ಕಳೆದಂತೆ ಗ್ರಾಫೈಟಿನ ಮೇಲೆ ತೆಳುವಾದ ಪೊರೆಯೊಂದು ಬೆಳೆಯುತ್ತದೆ. ಸ್ವಲ್ಪ ಲಿಥಿಯಂ ಅದರಲ್ಲಿ ಸಿಕ್ಕಿಕೊಂಡು ಹಿಂದಿರುಗುವುದೇ ಇಲ್ಲ. ಓಡಾಡುವ ಅಯಾನುಗಳು ಕಡಿಮೆಯಾದಂತೆ ಬ್ಯಾಟರಿಯ ಸಾಮರ್ಥ್ಯವೂ ಕುಗ್ಗುತ್ತದೆ. ಬಿಸಿ ಹೆಚ್ಚಾದಷ್ಟೂ ಇದು ಬೇಗ ಆಗುತ್ತದೆ. ಬಳಸದೆ ಇಟ್ಟರೂ ನಿಲ್ಲುವುದಿಲ್ಲ. ಆದ್ದರಿಂದ "ಹೆಚ್ಚು ಬಳಸಿಲ್ಲ" ಎಂಬ ಮಾತನ್ನಷ್ಟೇ ನಂಬಿದರೆ ಸಾಲದು, ಅಳೆದು ನೋಡಬೇಕು.

ಕೆರೆಯ ಹೂಳನ್ನು ಎತ್ತಬಹುದು. ಆದರೆ ಸವೆದ ಬ್ಯಾಟರಿಯನ್ನು ಬದಲಾಯಿಸಲೇಬೇಕು.

ಲೆಕ್ಕ ಮಾಡಿ

ವಿಂಡೋಸ್ ಇರುವ ಲ್ಯಾಪ್‌ಟಾಪ್‌ನಲ್ಲಿ 'ಬ್ಯಾಟರಿ ರಿಪೋರ್ಟ್' ಎಂಬ ವರದಿಯನ್ನು ತೆಗೆಯಬಹುದು. ತೋರಿಸಿ ಎಂದು ಅಂಗಡಿಯವರನ್ನು ಕೇಳಿ. ಅದರಲ್ಲಿ 'ಡಿಸೈನ್ ಕೆಪ್ಯಾಸಿಟಿ' ಎಂದರೆ ಹೊಸದರ ಸಾಮರ್ಥ್ಯ. 'ಫುಲ್ ಚಾರ್ಜ್ ಕೆಪ್ಯಾಸಿಟಿ' ಎಂದರೆ ಈಗಿನ ಸಾಮರ್ಥ್ಯ.

ಹೊಸದರ ಸಾಮರ್ಥ್ಯ 48,000, ಈಗಿನದು 30,000 ಮಿಲಿವ್ಯಾಟ್ ಗಂಟೆ ಎಂದುಕೊಳ್ಳಿ.

30,000 ÷ 48,000 × 100 = 62.5

ಅಂದರೆ ಪರದೆಯಲ್ಲಿ 100 ಎಂದಿದ್ದರೂ, ಇರುವುದು ಮೊದಲಿನ ಶೇಕಡ 62.5 ಮಾತ್ರ. 30,000 ಮಿಲಿವ್ಯಾಟ್ ಗಂಟೆ ಎಂದರೆ 30 ವ್ಯಾಟ್ ಗಂಟೆ. ಲ್ಯಾಪ್‌ಟಾಪ್ 10 ವ್ಯಾಟ್ ಬಳಸಿದರೆ 3 ಗಂಟೆ ನಡೆಯುತ್ತದೆ. ಹೊಸದಾಗಿದ್ದಾಗ 4 ಗಂಟೆ 48 ನಿಮಿಷ ನಡೆಯುತ್ತಿತ್ತು.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಗಡಿಯಾರ, ಕಾಗದ, ಪೆನ್ಸಿಲ್.

1. ಪೂರ್ತಿ ಚಾರ್ಜ್ ಆದ ಲ್ಯಾಪ್‌ಟಾಪ್‌ನಿಂದ ಚಾರ್ಜರ್ ತೆಗೆಸಿ.
2. ಒಂದು ವಿಡಿಯೊ ಹಾಕಿಸಿ. 30 ನಿಮಿಷದವರೆಗೆ, ಪ್ರತಿ 10 ನಿಮಿಷಕ್ಕೊಮ್ಮೆ ಶೇಕಡ ಎಷ್ಟಿದೆ ಎಂದು ಬರೆದುಕೊಳ್ಳಿ.
3. ತ್ರೈರಾಶಿ ಮಾಡಿ. 30 ನಿಮಿಷಕ್ಕೆ 15 ಇಳಿದರೆ, 100 ಇಳಿಯಲು ಸುಮಾರು 200 ನಿಮಿಷ.

ಅಂಕಿ ಒಮ್ಮೆಲೇ 80ರಿಂದ 50ಕ್ಕೆ ಜಾರಿದರೆ ಆ ಬ್ಯಾಟರಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಎಚ್ಚರಿಕೆ: ಲ್ಯಾಪ್‌ಟಾಪ್‌ನ ತಳ ಉಬ್ಬಿದ್ದರೆ ಅಥವಾ ಕೀಲಿಮಣೆ ಮೇಲೆದ್ದಿದ್ದರೆ ಬ್ಯಾಟರಿಯೊಳಗೆ ಅನಿಲ ತುಂಬಿರಬಹುದು. ಅಂಥದ್ದನ್ನು ಕೊಳ್ಳಬೇಡಿ, ಚಾರ್ಜ್ ಮಾಡಬೇಡಿ. ಬ್ಯಾಟರಿಯನ್ನು ಚುಚ್ಚಿದರೆ ಬೆಂಕಿ ಹತ್ತಬಹುದು. ಹಳೆಯ ಬ್ಯಾಟರಿಯನ್ನು ಕಸದ ತೊಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಇವನ್ನೂ ನೋಡಿ: ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ವಿಂಡೋಸ್ 11 ಅಥವಾ ಲಿನಕ್ಸ್ ನಡೆಯುತ್ತದೆಯೆ ಎಂದು ಕೇಳಿ. ಲ್ಯಾಪ್‌ಟಾಪ್‌ನ ಸೀರಿಯಲ್ ನಂಬರ್ ಬರೆದ ಬಿಲ್ ಪಡೆಯಿರಿ.

ಬ್ಯಾಟರಿ ಸವೆದಿದೆ ಎಂದ ಮಾತ್ರಕ್ಕೆ ಆ ಲ್ಯಾಪ್‌ಟಾಪ್ ಬೇಡ ಎನ್ನಬೇಕಿಲ್ಲ. ಹೊಸ ಬ್ಯಾಟರಿಯ ಬೆಲೆಯನ್ನೂ ಕೂಡಿಸಿ ನೋಡಿ. ನೀವು ಬರೆದುಕೊಂಡ ಅಂಕಿಗಳನ್ನು ಮುಂದಿಟ್ಟು ಅಪ್ಪ ಅಮ್ಮ ಬೆಲೆ ಕೇಳಿದರೆ ಚೌಕಾಸಿಗೆ ಬಲ ಬರುತ್ತದೆ.

ಯೋಚಿಸಿ, ಉತ್ತರಿಸಿ

1. ಹೊಸದರ ಸಾಮರ್ಥ್ಯ 50,000, ಈಗಿನದು 40,000 ಆದರೆ ಶೇಕಡ ಎಷ್ಟು ಉಳಿದಿದೆ?
2. ಒಂದು ಲ್ಯಾಪ್‌ಟಾಪ್‌ಗೆ 14,000 ರೂಪಾಯಿ. ಬ್ಯಾಟರಿ ಶೇಕಡ 40 ಉಳಿದಿದೆ. ಹೊಸ ಬ್ಯಾಟರಿಗೆ 3,000 ರೂಪಾಯಿ. ಅಂಥದೇ ಇನ್ನೊಂದಕ್ಕೆ 16,000 ರೂಪಾಯಿ. ಬ್ಯಾಟರಿ ಶೇಕಡ 85 ಉಳಿದಿದೆ. ನೀವು ಯಾವುದನ್ನು ಆರಿಸುವಿರಿ? ಏಕೆ?