ಪರದೇಶದ ಬಂಡವಲವೂ ಕಬ್ಬಿನ ಸೀಮೆಯ ನೀರೂ

ಹೊರನಾಡಿನ ಬಂಡವಲವು ಬೆಳೆಯುತ್ತಿರುವ ದೇಶಗಳಿಗೆ ಬಂದರೆ ಅಲ್ಲಿಯ ನೀರು-ಗಾಳಿಗಳು ಕೆಡುವವೋ ಸುಧಾರಿಸುವವೋ ಎಂಬ ವಿಷಯದಲ್ಲಿ ಅರ್ಥಶಾಸ್ತ್ರಜ್ಞರಲ್ಲಿ ಎರಡು ಪಕ್ಷಗಳುಂಟು. ಕಾಯಿದೆಯು ಸಡಿಲವಾದಲ್ಲಿಗೆ ಹೊಲಸು ಉದ್ಯಮಗಳು ವಲಸೆ ಹೋಗುವವೆಂದು ಒಂದು ಪಕ್ಷ. ಹೊಸ ಯಂತ್ರಗಳನ್ನೂ ಶುದ್ಧಕ್ರಮಗಳನ್ನೂ ಆ ಹಣವೇ ತರುವುದೆಂದು ಇನ್ನೊಂದು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಒಕ್ಕಲಿಗರಿಗೆ ಈ ವಾದವು ದೂರದ್ದಲ್ಲ. ನೆರೆಯ ಅಥಣಿ ತಾಲೂಕಿನಲ್ಲಿ ಕಾರಖಾನೆಯುಳ್ಳ ರೇಣುಕಾ ಶುಗರ್ಸ್ ಕಂಪನಿಯಲ್ಲಿ ಸಿಂಗಪುರದ ವಿಲ್ಮಾರ್ ಸಂಸ್ಥೆಯು 2014ರಲ್ಲಿ ಹಣ ತೊಡಗಿಸಿ, 2018ರಲ್ಲಿ ಅದರ ಹಿಡಿತವನ್ನು ಪಡೆಯಿತು. ಮಹಾಲಿಂಗಪುರದ ಹತ್ತಿರ ಸಮೀರವಾಡಿಯಲ್ಲಿ ಕಾರಖಾನೆಯುಳ್ಳ ಗೋದಾವರಿ ಬಯೋರಿಫೈನರೀಸ್ ಕಂಪನಿಯಲ್ಲಿಯೂ ಮಂಡಲ ಕ್ಯಾಪಿಟಲ್ ಎಂಬ ಹೊರದೇಶದ ನಿಧಿಯು ಪಾಲುಗಳನ್ನು ಹೊಂದಿದ್ದು, 2024ರಲ್ಲಿ ಅವನ್ನು ಮಾರಾಟಕ್ಕಿಟ್ಟಿತು.

ಕಾಕಂಬಿಯಿಂದ ಒಂದು ಲೀಟರು ಮದ್ಯಸಾರವನ್ನು ಇಳಿಸುವಾಗ ಸುಮಾರು 8ರಿಂದ 15 ಲೀಟರು ಕಂದು ಬಣ್ಣದ ಹುಳಿನೀರು ಉಳಿಯುವದು. ಊರ ಚರಂಡಿಯ ನೀರಿಗಿಂತ ಇದು ನೂರು ಪಟ್ಟಿಗೂ ಮಿಕ್ಕಿ ಹೊಲಸು. ಹಳ್ಳಕ್ಕೆ ಬಿದ್ದರೆ ಇದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರೊಳಗಿನ ಪ್ರಾಣವಾಯುವನ್ನೆಲ್ಲ ಹೀರಿಕೊಳ್ಳುವದರಿಂದ ಮೀನುಗಳು ಉಸಿರುಕಟ್ಟಿ ಸಾಯುವವು. ಎರೆಭೂಮಿಯಲ್ಲಿ ಮಿತಿಯಿಲ್ಲದೆ ಹರಿಸಿದರೆ ಲವಣವು ಕೂಡಿ, ಮೊದಲೇ ಸವಳು-ಜವಳಿನಿಂದ ಬಳಲುವ ನಮ್ಮ ನೀರಾವರಿ ಹೊಲಗಳು ಇನ್ನಷ್ಟು ಕೆಡುವವು. ಬಾವಿಯ ನೀರು ಚಹದ ಬಣ್ಣಕ್ಕೆ ತಿರುಗುವದು. ಅದರಲ್ಲಿ ಪೊಟ್ಯಾಶ್ ಹೇರಳವಾಗಿರುವದು ನಿಜ. ಆದರೆ ಗೊಬ್ಬರವೆಂದು ಹೇಳಿ ಟ್ಯಾಂಕರಿನಲ್ಲಿ ಪುಕ್ಕಟೆ ತಂದು ಸುರಿಯುವವರಿಗೆ ಹೊಲವನ್ನು ತೆರೆದುಕೊಡಬಾರದು.

ಈ ನೀರಿನಿಂದ ಅನಿಲವನ್ನು ತೆಗೆದು, ಉಳಿದುದನ್ನು ಬತ್ತಿಸಿ ಕುಲುಮೆಯಲ್ಲಿ ಸುಡುವ, ಇಲ್ಲವೆ ಕಬ್ಬಿನ ರಸದ ಮಡ್ಡಿಯೊಡನೆ ಕೊಳೆಯಿಸಿ ಗೊಬ್ಬರ ಮಾಡುವ ಕ್ರಮಗಳುಂಟು. 2003ರಲ್ಲಿ ಕೇಂದ್ರ ಸರಕಾರವು ಭಟ್ಟಿಗಳ ಈ ನೀರು ಪೂರ್ತಿಯಾಗಿ ಬಳಕೆಯಾಗತಕ್ಕದ್ದೆಂದು ಗೊತ್ತುಪಡಿಸಿತು. ಇದಕ್ಕೆ ಬೇಕಾದ ಯಂತ್ರಗಳು ಬಹು ದುಬಾರಿ. ಇಲ್ಲಿ ಹೊರದೇಶದ ಹಣವು ನೆರವಾಗಬಲ್ಲದು. ಆದರೆ ದೂರದ ಪಾಲುದಾರನಿಗೆ ಹಳ್ಳದ ವಾಸನೆ ತಟ್ಟುವದಿಲ್ಲ. ಸ್ವದೇಶಿ ಹಣದ ಭಟ್ಟಿಯ ನೀರಾದರೂ ಸಿಹಿಯಾಗಿರುವದೇನು? 2018ರ ಜೈವಿಕ ಇಂಧನ ನೀತಿಯು ಕಬ್ಬಿನ ರಸದಿಂದಲೂ ಎಥೆನಾಲ್ ತೆಗೆಯಲು ಎಡೆಗೊಟ್ಟ ಮೇಲೆ, ಬಂಡವಲವು ಯಾರದೆಂಬುದಕ್ಕಿಂತ ಉಳಿದ ನೀರು ಎಲ್ಲಿ ಹೋಗುವದೆಂಬ ಪ್ರಶ್ನೆಯೇ ಹೆಚ್ಚಿನದು.

ಕಾರಖಾನೆಗಳ ಸುತ್ತಲಿನ ರೈತರು ಕಬ್ಬು ನುರಿಸುವ ಹಂಗಾಮಿಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಬಾವಿಯ ನೀರನ್ನು ಶುಭ್ರವಾದ ಬಾಟಲಿಯಲ್ಲಿ ತುಂಬಿ, ದಿನಾಂಕ ಬರೆದು ಪರೀಕ್ಷೆಗೆ ಕಳಿಸತಕ್ಕದ್ದು. ಬಣ್ಣ, ವಾಸನೆ, ಲವಣಗಳಲ್ಲಿ ಭೇದ ಕಂಡರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಬಾಗಲಕೋಟೆಯ ಕಚೇರಿಗೆ ಎರಡೂ ವರದಿಗಳನ್ನು ಲಗತ್ತಿಸಿ ಅರ್ಜಿ ಕೊಟ್ಟು, ಪೋಚಪಾವತಿಯನ್ನು ಕಾದಿಡಬೇಕು.